ನಾಕನೇ ಚಾನೆಲ್ಲು

ಆ ಹಾಡು ಕಡೀಗೇ ಯಾಕ ಅಂತ ಎಲ್ಲಾರೂ ಈರಮ್ಮನ್ನ ಕೇಳ್ತಾರ.
ಆಕಿ ನಗ್ತಾಳ, ಮುಂದಿನ ಊರಿನ ಹೆಸರು ಹೇಳ್ತಾಳ.
ನನ್ನ ಯಾರೂ ಕೇಳೂದಿಲ್ಲ.
ನಾನು ಮಂದಿಯ ಹಿಂದ, ಟೇಬಲ್ ಮ್ಯಾಲ ಬ್ಯಾಟರಿ ಇಟ್ಕೊಂಡು
ಗುಂಡಿ ಏರಿಸಾಂವ, ಇಳಿಸಾಂವ.
ಆದ್ರ ಆ ರಾತ್ರಿ ನಾಕನೇ ಚಾನೆಲ್ಲಿನ ಮ್ಯಾಲ
ಇದ್ದ ಬೆರಳು ನಂದು.

ಕಲಬುರಗಿ, ಸ್ಟೇಷನ್ ಮಗ್ಗಲ ಬಯಲು.
ಇನ್ನೂರು ಕುರ್ಚಿ, ಅರವತ್ತು ಮಂದಿ.
ಬ್ಯಾನರಿನ ಮ್ಯಾಲ ನಮ್ಮ ಹೆಸರು 'ಫರಸಿ',
ಬರದಾಂವ 'ಫಾರಸಿ' ಅಂತ ಬರದಿದ್ದ.
ಗಜಲ್ ಇರ್ತಾವ ಅಂತ ಒಬ್ರು ರಿಟೈರ್ಡ್ ಉರ್ದು ಮಾಸ್ತರು
ಅತ್ತರು ಹಚ್ಕೊಂಡು ಮೊದಲ್ನೇ ಸಾಲಿಗಿ ಕುಂತಿದ್ರು.
ಪಾಪ, ಎದ್ದು ಹೋಗಲಿಲ್ಲ.

ಹಾಡು ಆವಾಗ ಯಾದಿಯೊಳಗ ಎರಡನೇದು.
ಶಹಾಬಾದ ಖಣಿಯೊಳಗ ಈರಮ್ಮನ ಅವ್ವ
ಕಲ್ಲು ಹೊರತಾ ಅಂತಿದ್ದ ನಾಕು ಸಾಲು.
ಫರಸಿ ಕಲ್ಲು ಒಬ್ಬಾಕಿಯಿಂದ ಆಗೂದಿಲ್ಲ,
ಎತ್ತಿ ತಲಿಗಿಡಲಿಕ್ಕೆ ಇನ್ನೊಬ್ಬಾಕಿ ಬೇಕು.
ಹೊತ್ತು ಮುಳುಗೂಮುಂದ ಒಬ್ಬೊಬ್ಬರಿಗೇ ಹೊರಿಸಿ ಕಳಿಸಿದ ಮ್ಯಾಲ
ಉಳದಾಕಿ ತನ್ನ ಕಲ್ಲಿನ ಮುಂದ ನಿಂತು ಕೇಳ್ತಾಳ:
ಎಲ್ಲಾರ ತಲಿಗಿ ನಾ ಹೊರಿಸಿದೆ,
ನನ್ನ ತಲಿಗಿ ಯಾರವ್ವ?

ಅಷ್ಟೇ.
ನಾವದಕ್ಕ ಗಿಟಾರ್ ಹಚ್ಚಿ, ಡ್ರಮ್ಮು ಹಚ್ಚಿ
ಹುಡುಗ್ರು ಕುಣಿಯೂಹಂಗ ಮಾಡಿದ್ವಿ.
ಅವ್ವ ಒಮ್ಮೆ ಕೇಳಿ ಅಂದಿದ್ಳು,
"ಕಲ್ಲು ಹೊತ್ತು ಯಾರರ ಕುಣೀತಾರೇನ?"
ನಕ್ಕು ಬಿಟ್ಟಿದ್ವಿ.

ಆ ರಾತ್ರಿ ಭಾಷಣ ಉದ್ದಾದುವು, ಯಾದಿ ಹಿಂದುಮುಂದಾಯ್ತು,
ಎರಡನೇದು ಕಡೀಗಿ ಬಿತ್ತು.
ಬೇಸ್ ಗಿಟಾರಿನ ಲಾಡ್ಲೇಸಾಬಗ
ವಾಡಿಯೊಳಗ ಹನ್ನೆರಡರ ಡ್ಯೂಟಿ, ಪಾಯಿಂಟ್ಸ್‌ಮನ್.
ಹತ್ತೂ ನಲವತ್ತರ ಪ್ಯಾಸೆಂಜರ್ ತಪ್ಪಿತಂದ್ರ ಮೆಮೊ.
ಹಾಡಿನ ನಡುವ ಅನೌನ್ಸ್‌ಮೆಂಟ್ ಬಂತು,
ಮೊದಲು ಕನ್ನಡದಾಗ, ಆಮ್ಯಾಲ ಹಿಂದಿಯೊಳಗ.
ಇಂಗ್ಲಿಷಿನ ತನಕ ಅಂವ ತಡೀಲಿಲ್ಲ.
ಗಿಟಾರ್ ಕೊಳ್ಳಿಂದ ತಗದು ಆಂಪ್ಲಿಫೈಯರಿಗೆ ಆನಿಸಿ
ಚಪ್ಪಲ್ ಕೈಯಾಗ ಹಿಡದು ಓಡಿದ.

ವೈರ್ ಕಿತ್ತಿರಲಿಲ್ಲ.
ತಂತಿ ತನ್ನಷ್ಟಕ್ಕ ತಾನೇ ನಡಗಲಿಕ್ಕೆ ಹತ್ತಿತು. ಹೂಂ...
ಇಳಿಸೂದು ನನ್ನ ಕೆಲಸ. ಬೆರಳಿಟ್ಟೆ.
ಅಷ್ಟರಾಗ ಚಂದ್ರಶಾ ಡ್ರಮ್ಮಿನ ಕೋಲು ಕೆಳಗಿಟ್ಟ,
ಬೇಸ್ ಇಲ್ಲದ ದಿಕ್ಕು ತಪ್ಪಿತ್ತಂತ.
ಸ್ಯಾಮುವೇಲನ ಗಿಟಾರ್ ಒಂದು ಸುತ್ತು ಹೆಚ್ಚಿಗಿ ಹೋಗಿ
ನಾಚಿಕೊಂಡು ನಿಂತಿತು.
ಈರಮ್ಮ ತಿರುಗಿ ನೋಡಿದಳು.
ಆ ಹೂಂ ಅನ್ನೂದನ್ನೇ ಶ್ರುತಿ ಹಿಡದು
ಹಾಡಲಿಲ್ಲ, ಕೇಳಿದಳು,
ನನ್ನ ತಲಿಗಿ ಯಾರವ್ವ?

ಮಾಸ್ತರು ಟೊಪಿಗಿ ತಗದು ತೊಡಿಮ್ಯಾಲ ಇಟ್ಕೊಂಡ್ರು.
ನಾ ಇಳಿಸಲಿಲ್ಲ.
ಧೈರ್ಯ ಅಂತ ತಿಳೀಬ್ಯಾಡ್ರಿ, ಕೈ ಮರತಿತ್ತು.

ಆಮ್ಯಾಲ ಸೇಡಂ, ಸುರಪುರ, ಹುಮನಾಬಾದ,
ಎಲ್ಲೂ ಅದರ ನಂತರ ಮತ್ತೊಂದು ಹಾಡು ನಿಲ್ಲಲಿಲ್ಲ.
ಲಾಡ್ಲೇಸಾಬಗ ಈಗ ಹಗಲ ಡ್ಯೂಟಿ,
ಹಿಡೀಬೇಕಾದ ಗಾಡಿ ಇಲ್ಲ.
ಶಹಾಪುರದಾಗ ಒಮ್ಮೆ ಹೋಗದೇ ನಿಂತ.
ಹಿಂದಿನ ಸಾಲಿಂದ ಒಬ್ಬಾಕಿ ಮುದುಕಿ ಒದರಿದಳು,
"ಏ ತಮ್ಮಾ, ಗಾಡಿ ಬಂತು, ನಡೀ!"
ಶಹಾಪುರಕ್ಕ ರೈಲೇ ಇಲ್ಲ.
ಚಪ್ಪಲ್ ಕೈಯಾಗ ಹಿಡದು ಹೋದ.

ಹೋಗೂದು ಎಲ್ಲಿಗೆ? ಜನರೇಟರಿನ ಹಿಂದ.
ಅಲ್ಲಿ ಮುಖ ಕತ್ತಲಿಗಿ ಮಾಡಿ ನಿಂದರ್ತಾನ
ಆಕಿ ಕೇಳೂದು ಮುಗಿಯೂತನಕ.
ಒಂದಿನ ನನಗಷ್ಟೇ ಅಂದ,
"ಯಾರ್, ಆ ರಾತ್ರಿ ಗಾಡಿ ಔಟರಿನ್ಯಾಗ
ನಲವತ್ತು ನಿಮಿಷ ನಿಂತಿತ್ತು.
ಪ್ಲಾಟ್‌ಫಾರ್ಮಿನ ಮ್ಯಾಲ ಕುಂತು ಪೂರಾ ಕೇಳಿದೆ.
ವಾಪಸ್ ಬರಬಹುದಿತ್ತು."
ಈರಮ್ಮಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಾನ.

ಮಂದಿ ಹೋದ ಮ್ಯಾಲ ವೈರು ಸುತ್ತುತಾ ಉಳಿಯಾಂವ ನಾನು.
ಅರವತ್ತು ಕಿಲೋ ಸ್ಪೀಕರ್ ಡಬ್ಬಿ, ಎರಡು.
ಟೆಂಪೋಕ್ಕ ಏರಿಸಬೇಕು.
ಬರ್ರಲೇ ಯಾರರ, ಅಂತ ಒದರ್ತೀನಿ.
ಎಲ್ಲಾರೂ ಚಾ ಕುಡೀಲಿಕ್ಕೆ ಹೋಗಿರ್ತಾರ.